ಹಾಲು ಬಾರದ ಬಾಣಂತನ

ನಮ್ಮ ತಮ್ಮ ಹುಟ್ಟಿದ ಕಥೆಯನ್ನು ನಮ್ಮ ಮನೆಯಲ್ಲಿ ಯಾರು ಬೇಕಾದರೂ ಹೇಳಬಲ್ಲರು. 1991ರ ಮಳೆಗಾಲ, ಅರಸೀಕೆರೆ ತಾಲ್ಲೂಕಿನ ನಮ್ಮಜ್ಜಿಯ ಊರು. ಮಗು ಸುಸೂತ್ರವಾಗಿ ಬಂತು, ಕಸ (ಮಾಸು) ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಅಮ್ಮನನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಸಿಗೆ ಹಾಕಿ ಮಲಗಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟಾಗ ಆಕೆಗೆ ಪ್ರಜ್ಞೆ ಇರಲಿಲ್ಲ. ಅಲ್ಲಿ ಕಸ ತೆಗೆದರು, ಇಬ್ಬರು ಸೋದರಮಾವಂದಿರು ರಕ್ತ ಕೊಟ್ಟರು, ಜೀವ ಉಳಿಯಿತು. ಅಲ್ಲಿಂದ ಮುಂದಿನ ಭಾಗವನ್ನು ಅಜ್ಜಿ ಹೇಳುತ್ತಿದ್ದಳು: ಮಗಳು ಪುನರ್ಜನ್ಮ ಪಡೆದು ಬಂದಳು, ಆದರೆ ಎದೆಯಲ್ಲಿ ಒಂದು ಹನಿ ಹಾಲು ಬರಲಿಲ್ಲ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಳವಿ ಪಾಯಸ ಏನು ಕೊಟ್ಟರೂ ಬರಲಿಲ್ಲ, ಕೂಸನ್ನು ಹಸುವಿನ ಹಾಲಿನಲ್ಲೇ ಸಾಕಬೇಕಾಯಿತು. ಇನ್ನೂ ಒಂದು ಮಾತನ್ನು ಹೆಂಗಸರೇ ಕುಳಿತಾಗ ತಗ್ಗಿದ ದನಿಯಲ್ಲಿ ಸೇರಿಸುತ್ತಿದ್ದಳು. ಅವತ್ತಿನಿಂದ ಮಗಳು ಮುಟ್ಟಾಗಲೇ ಇಲ್ಲ ಎಂಬ ಮಾತು. ಅಮ್ಮನಿಗೆ ಆಗ 28 ವರ್ಷ.

ಹೆರಿಗೆಯ ಅತಿ ರಕ್ತಸ್ರಾವದಿಂದ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಸತ್ತು ಬರುವ ಆಕೆಯ ಕಾಯಿಲೆಗೆ ಶೀಹಾನ್ ಸಿಂಡ್ರೋಮ್ ಎಂಬ ಹೆಸರಿದೆಯೆಂದು ನಮಗೆ ತಿಳಿದದ್ದು 2009ರಲ್ಲಿ. ನಡುವೆ ಹದಿನೆಂಟು ವರ್ಷ ಕಳೆದಿತ್ತು. ನನ್ನನ್ನು ಇಂದಿಗೂ ಕೊರೆಯುವ ವಿಷಯವೆಂದರೆ, ಆ ಕಾಯಿಲೆಯನ್ನು ಗುರುತಿಸಲು ಬೇಕಾಗಿದ್ದ ಸಂಗತಿಗಳೆಲ್ಲವೂ ಅಜ್ಜಿಯ ಕಥೆಯಲ್ಲೇ ಇದ್ದವು. ವಿಪರೀತ ರಕ್ತಸ್ರಾವ, ಬಾರದ ಹಾಲು, ಮರಳದ ಮುಟ್ಟು. ವೈದ್ಯಕೀಯ ಪಠ್ಯಪುಸ್ತಕ ಈ ರೋಗವನ್ನು ವಿವರಿಸುವುದೂ ಇದೇ ಕ್ರಮದಲ್ಲಿ. ಓದು ಬರಹ ಬಾರದ ಒಬ್ಬ ಹೆಣ್ಣುಮಗಳು ರೋಗಚರಿತ್ರೆಯನ್ನು ಒಂದಂಶವೂ ಬಿಡದೆ ನೆನಪಿಟ್ಟುಕೊಂಡು, ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರಲ್ಲಿ ಡಾಕ್ಟರುಗಳು ಮಾತ್ರ ಇರಲಿಲ್ಲ.

ಅದಕ್ಕೆ ಬೇರೆ ಬೇರೆ ಹೆಸರುಗಳಿದ್ದ ಕಾಲ

ಆ ವರ್ಷಗಳಲ್ಲಿ ಅಮ್ಮನಿಗೆ ಇದ್ದದ್ದು ಏನೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬಾಣಂತಿ ನಂಜು ಎಂದರು. ಬಾಣಂತನ ನೆಟ್ಟಗೆ ಆಗಲಿಲ್ಲ, ಬೇಗ ನೀರಿಗೆ ಕೈ ಹಾಕಿದಳು ಎಂದರು. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಒಬ್ಬರು ಮನಸ್ಸಿನ ಕಾಯಿಲೆಯೆಂದು ನಿದ್ದೆಗುಳಿಗೆಯನ್ನೂ ಕೊಟ್ಟರು. ಅಮ್ಮ ಯುಗಾದಿಯ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದಳು. ಬಾವಿಯಿಂದ ಒಂದು ಕೊಡ ನೀರು ತಂದರೆ ಅರ್ಧ ಗಂಟೆ ಮಲಗಬೇಕಿತ್ತು. ಏಕಾದಶಿಯ ಉಪವಾಸ ಮಾಡಿದ ದಿನ ಕಣ್ಣು ಕತ್ತಲಿಟ್ಟು ಬೀಳುತ್ತಿದ್ದಳು, ಕೊನೆಗೆ ಅತ್ತೆಯೇ ಆ ಉಪವಾಸವನ್ನು ಬಿಡಿಸಿದರು. ಹುಬ್ಬು ತೆಳುವಾಯಿತು, ದನಿ ಭಾರವಾಯಿತು, ಮೂವತ್ತೈದಕ್ಕೇ ಬಾಯಿ ಮತ್ತು ಕಣ್ಣಿನ ಸುತ್ತ ಸಣ್ಣ ಸಣ್ಣ ಸುಕ್ಕುಗಳು ಬಂದವು. ಕಂಕುಳ ಕೂದಲು ಉದುರಿಹೋದದ್ದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅದು ಎಂದು ಯಾರಿಗೆ ತಾನೇ ಅನ್ನಿಸೀತು? ಮೈಬಣ್ಣ ಮೇಣದಂತೆ ಬಿಳಿಚಿಕೊಂಡಿತ್ತು. ಮದುವೆ ಮುಂಜಿಗಳಲ್ಲಿ ನೆಂಟರು ಅದನ್ನೇ ಹೊಗಳುತ್ತಿದ್ದರು. ಎರಡು ಹೆತ್ತರೂ ಎಷ್ಟು ಬೆಳ್ಳಗಾಗಿದ್ದೀಯೆ ಎಂದು ಕೈ ಹಿಡಿದು ನೋಡುತ್ತಿದ್ದರು.

ಊರಿಗೆ ಬರುತ್ತಿದ್ದ ಒಬ್ಬರು ವೈದ್ಯರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಆಕೆಗೆ ಒಂದು ಬಾಟಲಿ ಗ್ಲೂಕೋಸು ಏರಿಸಿ, ಅದರ ಜೊತೆಗೆ 'ಶಕ್ತಿ ಸೂಜಿ' ಹಾಕುತ್ತಿದ್ದರು. ಎರಡು ದಿನ ಅಮ್ಮ ಹೊಸಬಳಂತೆ ಓಡಾಡುತ್ತಿದ್ದಳು. ಆ ಸೂಜಿಯಲ್ಲಿ ಏನಿತ್ತೆಂದು ತಿಳಿಸುವ ಚೀಟಿ ಒಂದೂ ನಮ್ಮ ಬಳಿ ಇಲ್ಲ. ಅದು ಬಹುಶಃ ಸ್ಟೀರಾಯ್ಡ್ ಇದ್ದಿರಬೇಕು, ಇಲ್ಲವಾದರೆ ಇಷ್ಟು ವರ್ಷ ತಳ್ಳಿದ್ದೇ ಕಷ್ಟ ಎಂದು ಆಮೇಲೆ ಹಾರ್ಮೋನ್ ತಜ್ಞರು ಊಹಿಸಿದರು. ಕಾರಣ ಗೊತ್ತಿಲ್ಲದೆಯೇ ಸರಿಯಾದ ಮದ್ದು ಅಷ್ಟಿಷ್ಟು ಆಕೆಯ ಮೈಸೇರುತ್ತಿತ್ತು ಎಂಬುದನ್ನು ನೆನೆದಾಗ ನನಗೆ ಕೃತಜ್ಞತೆ ಮತ್ತು ಭಯ ಎರಡೂ ಒಟ್ಟಿಗೇ ಆಗುತ್ತವೆ.

ಒಮ್ಮೆ ಥೈರಾಯ್ಡ್ ಪರೀಕ್ಷೆಯೂ ಆಗಿತ್ತು. ಟಿಎಸ್‌ಎಚ್ ಒಂದನ್ನೇ ನೋಡಿ, ಸಹಜವಾಗಿದೆ, ಥೈರಾಯ್ಡ್ ತೊಂದರೆ ಇಲ್ಲ ಎಂದು ಬರೆದುಕೊಟ್ಟಿದ್ದರು. ಟಿಎಸ್‌ಎಚ್ ಎಂಬುದು ಥೈರಾಯ್ಡಿಗೆ ಪಿಟ್ಯುಟರಿ ಗ್ರಂಥಿ ಕಳಿಸುವ ಆಜ್ಞೆ. ಥೈರಾಯ್ಡೇ ಸೋತಾಗ ಆಜ್ಞೆ ಜೋರಾಗುತ್ತದೆ, ಅಂಕಿ ಏರುತ್ತದೆ. ಆಜ್ಞೆ ಕಳಿಸುವ ಪಿಟ್ಯುಟರಿಯೇ ಸೋತಿದ್ದರೆ ಅಂಕಿ ಏರುವುದಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಜೊತೆಗೆ ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಫ್ರೀ ಟಿ4 ಅಳೆದಿದ್ದರೆ ಅದು ತೀರ ಕೆಳಗಿರುವುದು ಅಂದೇ ಕಾಣುತ್ತಿತ್ತು.

ರಾತ್ರಿ ಪಾಳಿಯ ಡಾಕ್ಟರು

2009ರ ಶ್ರಾವಣದಲ್ಲಿ ಅಮ್ಮನಿಗೆ ಜ್ವರ ಬಂತು. ಸಾಧಾರಣ ಜ್ವರವೇ, ಮನೆಯಲ್ಲಿ ಎಲ್ಲರಿಗೂ ಬಂದು ಹೋಗಿತ್ತು. ಆಕೆಗೆ ವಾಂತಿ ಶುರುವಾಯಿತು, ಮರುದಿನ ಸಂಜೆಗೆ ಮಾತು ತೊದಲತೊಡಗಿತು, ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ತಲುಪುವ ಹೊತ್ತಿಗೆ ರಕ್ತದೊತ್ತಡ 70ಕ್ಕೆ ಇಳಿದಿತ್ತು. ರಕ್ತಪರೀಕ್ಷೆಯಲ್ಲಿ ಸೋಡಿಯಂ 114 ಬಂತು. ಇರಬೇಕಾದದ್ದು 135ರಿಂದ 145. ಸಕ್ಕರೆಯೂ ಕೆಳಗಿತ್ತು. ಮೆದುಳಿಗೆ ಸೋಂಕು ಇರಬಹುದು, ಬೆಂಗಳೂರಿಗೆ ಒಯ್ಯಬೇಕಾದೀತು ಎಂಬ ಮಾತು ನಡೆಯುತ್ತಿತ್ತು.

ರಾತ್ರಿ ಪಾಳಿಯಲ್ಲಿದ್ದವರು ಇನ್ನೂ ಓದುತ್ತಿದ್ದ ಒಬ್ಬ ಕಿರಿಯ ವೈದ್ಯೆ. ಆಕೆ ಅಮ್ಮನ ಕೆಳಗಣ್ಣು ಬಿಡಿಸಿ ನೋಡಿದರು, ಕೈ ಎತ್ತಿ ಕಂಕುಳನ್ನು ನೋಡಿದರು, ಮುಖವನ್ನು ಟಾರ್ಚಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ನಮ್ಮ ಕಡೆ ತಿರುಗಿ, ಸೋಡಿಯಂಗೂ ಜ್ವರಕ್ಕೂ ಸಂಬಂಧವೇ ಇಲ್ಲವೆಂಬಂತೆ ತೋರುವ ಪ್ರಶ್ನೆ ಕೇಳಿದರು: "ಇವರ ಕೊನೇ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ?" ಅಪ್ಪ ಹೌದೆಂದರು. "ಮಗುವಿಗೆ ಎದೆಹಾಲು ಕುಡಿಸಿದ್ರಾ?" ಅಪ್ಪ ನನ್ನ ಮುಖ ನೋಡಿದರು. ಇಲ್ಲ, ಬರಲೇ ಇಲ್ಲ ಎಂದು ನಾನು ಹೇಳಿದೆ. "ಆಮೇಲೆ ಮುಟ್ಟಾದ್ರಾ?" ಎಂದು ಆಕೆ ಕೇಳುವಾಗಲೇ ಉತ್ತರ ಗೊತ್ತಿರುವಂತಿತ್ತು. ನಾನು ಇಲ್ಲ ಎನ್ನುತ್ತಿದ್ದಂತೆ ನರ್ಸನ್ನು ಕರೆದು, ಕಾಯಿಲೆ ಕಷ್ಟವನ್ನು ತಾಳಲು ದೇಹಕ್ಕೆ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪರೀಕ್ಷೆಗೆಂದು ಒಂದು ಟ್ಯೂಬು ರಕ್ತ ತೆಗೆಸಿ, ವರದಿಗೆ ಕಾಯದೆ ಅದೇ ಹಾರ್ಮೋನಿನ ಔಷಧರೂಪವಾದ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು 100 ಮಿಲಿಗ್ರಾಂ ರಕ್ತನಾಳಕ್ಕೆ ಕೊಡಿಸಿದರು. ಜೊತೆಗೆ ಸಲೈನ್ ಹನಿ ಹನಿಯಾಗಿ, ನಿಧಾನವಾಗಿ. ಸೋಡಿಯಂ ಅವಸರದಲ್ಲಿ ಏರಿದರೆ ಮೆದುಳಿಗೆ ಪೆಟ್ಟು ಬೀಳುತ್ತದೆ ಎಂದು ರಾತ್ರಿಯಿಡೀ ಮತ್ತೆ ಮತ್ತೆ ಪರೀಕ್ಷೆ ಮಾಡಿಸುತ್ತಲೇ ಇದ್ದರು.

ಮರುದಿನ ಮಧ್ಯಾಹ್ನ ಅಮ್ಮ ಎದ್ದು ಕುಳಿತು ಹಸಿವಾಗುತ್ತಿದೆ ಎಂದಳು. ಆಕೆಯ ಬಾಯಿಂದ ಆ ಮಾತು ಕೇಳಿ ನಮಗೆ ವರ್ಷಗಳೇ ಆಗಿದ್ದವು. ಮೂರನೆಯ ದಿನ ಬಂದ ವರದಿಯಲ್ಲಿ ಕಾರ್ಟಿಸಾಲ್ 1 ಮೈಕ್ರೋಗ್ರಾಂಗಿಂತಲೂ ಕಡಿಮೆ ಇತ್ತು. ಅಂಥ ಜ್ವರದಲ್ಲಿ ಅದು ಸಹಜಕ್ಕಿಂತ ಮೇಲಿರಬೇಕಿತ್ತು. ಎಂಆರ್‌ಐ ತೆಗೆದಾಗ ಪಿಟ್ಯುಟರಿ ಇರಬೇಕಾದ ಮೂಳೆಯ ಗುಳಿಯಲ್ಲಿ ನೀರಿನಂಥ ದ್ರವವಷ್ಟೇ ಕಂಡಿತು. ಗ್ರಂಥಿ ಸುರುಟಿ ತಳಕ್ಕೆ ಅಂಟಿಕೊಂಡಿತ್ತು.

ಆ ಗ್ರಂಥಿ ಸತ್ತದ್ದು ಹೇಗೆ

ಪಿಟ್ಯುಟರಿ ಎಂಬುದು ಮೆದುಳಿನ ತಳದಲ್ಲಿ, ಮೂಗಿನ ಹಿಂಭಾಗದ ನೇರಕ್ಕೆ ಇರುವ, ಅರ್ಧ ಗ್ರಾಮಿನಷ್ಟು ತೂಗುವ ಬಟಾಣಿ ಗಾತ್ರದ ಗ್ರಂಥಿ. ಹಾಲು ತರಿಸುವ ಪ್ರೊಲ್ಯಾಕ್ಟಿನ್, ಬೆಳವಣಿಗೆಯ ಹಾರ್ಮೋನು, ಅಂಡಾಶಯವನ್ನು ನಡೆಸುವ ಎರಡು ಹಾರ್ಮೋನು, ಥೈರಾಯ್ಡಿಗೆ ಒಂದು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಒಂದು, ಇಷ್ಟೂ ಅದರ ಮುಂಭಾಗದಿಂದ ಹೊರಡುತ್ತವೆ. ಬಸಿರಿನಲ್ಲಿ ಹಾಲಿನ ಸಿದ್ಧತೆಗೆಂದು ಆ ಮುಂಭಾಗ ಉಬ್ಬಿ ದೊಡ್ಡದಾಗುತ್ತದೆ. ಆದರೆ ಅದಕ್ಕೆ ರಕ್ತ ಬರುವುದು ಬಹುಮಟ್ಟಿಗೆ ಒತ್ತಡ ಕಡಿಮೆಯಿರುವ ಸಣ್ಣ ಅಭಿಧಮನಿಗಳ ಜಾಲದಿಂದ. ನಾಲೆಯ ಕೊನೆಯ ಗದ್ದೆಯ ರೈತನಿಗೆ ಈ ಪರಿಸ್ಥಿತಿ ಚೆನ್ನಾಗಿ ಅರ್ಥವಾದೀತು: ಅಣೆಕಟ್ಟೆಯಲ್ಲಿ ನೀರು ತಗ್ಗಿದರೆ ಮೊದಲು ಒಣಗುವುದು ಅವನ ಪೈರು. ಹೆರಿಗೆಯಲ್ಲಿ ರಕ್ತ ಹರಿದು ಒತ್ತಡ ಕುಸಿದಾಗ, ಹಿಗ್ಗಿ ನಿಂತು ಹೆಚ್ಚು ರಕ್ತ ಬೇಡುತ್ತಿರುವ ಆ ಗ್ರಂಥಿಗೇ ರಕ್ತ ತಲುಪುವುದಿಲ್ಲ. ಕೆಲವೇ ಗಂಟೆಗಳಲ್ಲಿ ಜೀವಕೋಶಗಳು ಸಾಯುತ್ತವೆ. ಹಿಂಭಾಗಕ್ಕೆ ನೇರ ಅಪಧಮನಿಯ ರಕ್ತವಿರುವುದರಿಂದ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಮೊದಲು ಕಾಣುವ ಗುರುತು ಹಾಲು ಬಾರದಿರುವುದು. ಉಳಿದ ಕೊರತೆಗಳು ವರ್ಷಗಳ ಮೇಲೆ ಒಂದೊಂದಾಗಿ ತಲೆಯೆತ್ತುತ್ತವೆ. ಕಾಯಿಲೆ ಇಷ್ಟು ಕಾಲ ಅಡಗಿ ಕೂರುವುದು ಇದರಿಂದಲೇ, ಒಂದು ದಿನದಲ್ಲಿ ಬಂದದ್ದಾದರೆ ಯಾರಾದರೂ ಗಾಬರಿಯಾಗುತ್ತಾರೆ. ಹದಿನೆಂಟು ವರ್ಷ ಹಿಡಿದು ಬಂದದ್ದು ಸ್ವಭಾವದಂತೆ ಕಾಣುತ್ತದೆ. ಅಮ್ಮ ನಿಧಾನಸ್ಥೆ, ಅಮ್ಮನಿಗೆ ಚಳಿ ಜಾಸ್ತಿ, ಅಮ್ಮ ಹೆಚ್ಚು ಮಾತಾಡುವವಳಲ್ಲ ಎಂದೇ ನಾವು ಮಕ್ಕಳು ಆಕೆಯನ್ನು ಅರಿತಿದ್ದೆವು. ಚಿಕಿತ್ಸೆ ಶುರುವಾಗಿ ಆರು ತಿಂಗಳಾಗುವಷ್ಟರಲ್ಲಿ ಅವಳು ಹಾಡು ಹೇಳಿಕೊಂಡು ಕೆಲಸ ಮಾಡುವುದನ್ನು ನೋಡಿದ ತಮ್ಮ, ತಾನು ಈ ಅಮ್ಮನನ್ನು ನೋಡಿಯೇ ಇರಲಿಲ್ಲ ಎಂದ. ಅವನು ಹುಟ್ಟಿದ ದಿನದಿಂದ ಕಾಯಿಲೆಯ ಅಮ್ಮನನ್ನಷ್ಟೇ ಕಂಡವನು.

ಹೆರಿಗೆಯ ನಂತರ ಪಿಟ್ಯುಟರಿ ಸಾಯುವುದನ್ನು ಪೋಲೆಂಡಿನ ಗ್ಲಿನ್ಸ್ಕಿ 1913ರಲ್ಲಿ, ಜರ್ಮನಿಯ ಸಿಮಂಡ್ಸ್ 1914ರಲ್ಲಿ ಬರೆದಿದ್ದರು. ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ರೋಗವಿಜ್ಞಾನಿಯಾಗಿದ್ದ ಹೆರಾಲ್ಡ್ ಶೀಹಾನ್, ಸತ್ತ ತಾಯಂದಿರ ಶವಪರೀಕ್ಷೆಗಳನ್ನು ವರ್ಷಗಟ್ಟಲೆ ಮಾಡಿ, ಗ್ರಂಥಿಯ ಆ ಸಾವಿಗೂ ಹೆರಿಗೆಯ ರಕ್ತಸ್ರಾವಕ್ಕೂ ಇರುವ ನಂಟನ್ನು 1937ರಲ್ಲಿ ಸ್ಪಷ್ಟವಾಗಿ ಕಟ್ಟಿಕೊಟ್ಟರು. ರೋಗಿ ಒಣಗಿ ಎಲುಬಾಗುತ್ತಾಳೆ ಎಂಬ ಆಗಿನ ನಂಬಿಕೆಯನ್ನೂ ಅವರು ತಿದ್ದಿದರು. ಅಮ್ಮ ಎಂದೂ ತೀರ ಸಣಕಲಾಗಿರಲಿಲ್ಲ. ನೋಡಿದವರಿಗೆ ಆಕೆ ಕಾಯಿಲೆಯವಳೆಂದು ಅನ್ನಿಸದೆ ಹೋದದ್ದಕ್ಕೆ ಅದೂ ಒಂದು ಕಾರಣ. ಶೀಹಾನ್ ಬರೆದ ಕಾಲದಲ್ಲಿ ಇಂಥವರಿಗೆ ಕೊಡಲು ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇರಲಿಲ್ಲ. ಅದು ರೋಗಿಗಳಿಗೆ ಸಿಗತೊಡಗಿದ್ದು 1940ರ ದಶಕದ ಕೊನೆಗೆ.

ಅಪರೂಪ ಯಾರ ಪಾಲಿಗೆ

ಅಮ್ಮನ ಫೈಲಿನಲ್ಲಿ ಒಬ್ಬರು ತಜ್ಞರು ಇದನ್ನು ಅಪರೂಪದ ಕಾಯಿಲೆ ಎಂದು ಬರೆದಿದ್ದಾರೆ. ಹೆರಿಗೆಯಾದ ಕೂಡಲೇ ಗರ್ಭಕೋಶ ಬಿಗಿಯುವ ಸೂಜಿ, ಕೈಗೆಟುಕುವ ದೂರದಲ್ಲಿ ರಕ್ತನಿಧಿ, ಅರಿವಳಿಕೆ ತಜ್ಞರು ಎಲ್ಲವೂ ಇರುವ ದೇಶಗಳಲ್ಲಿ ಅದು ನಿಜವೇ. ನಮ್ಮಲ್ಲಿ ಹೇಗೆ? ಕಾಶ್ಮೀರ ಕಣಿವೆಯಲ್ಲಿ ಹೆತ್ತ ಹೆಂಗಸರನ್ನು ಹುಡುಕಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 20 ವರ್ಷ ಮೀರಿದವರಲ್ಲಿ ಸುಮಾರು ನೂರಕ್ಕೆ ಮೂವರಿಗೆ ಇದು ಇರಬಹುದೆಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಹೆತ್ತವರು. ನೂರಕ್ಕೆ ಮೂವರು ಎಂದರೆ, ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ನೆರೆಯುವ ಹೆಂಗಸರಲ್ಲಿ ಎಷ್ಟಾದೀತು ಎಂದು ನಾನು ಲೆಕ್ಕ ಹಾಕಿ ಕಂಗಾಲಾಗಿದ್ದೇನೆ. ಕಾಶ್ಮೀರದ ಅಂಕಿ ನಮಗೆ ಹಾಗೆಯೇ ಅನ್ವಯವಾಗಬೇಕಿಲ್ಲ. ಆದರೆ ಯಾರೂ ಹೋಗಿ ಕೇಳದೆ ಇರುವಲ್ಲಿ ಅಪರೂಪ ಎಂಬ ಮಾತನ್ನು ನಾನು ಒಪ್ಪಲಾರೆ.

ಇದಕ್ಕೆ ಸೂಲಗಿತ್ತಿಯರನ್ನು ದೂರುವುದು ಸುಲಭ, ನಾನು ದೂರುವುದಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ದಶಕಗಳ ಕಾಲ ಸಾವಿರಾರು ಹೆರಿಗೆಗಳನ್ನು ಮಾಡಿಸಿದ್ದಕ್ಕೆ. ಆಕೆಯಂಥವರ ಕೈಯಲ್ಲಿ ಇರದಿದ್ದದ್ದು ಒಂದು ಮದ್ದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಹೆರಿಗೆಯಾದ ಕೂಡಲೇ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದಾಗ, ಅತಿ ರಕ್ತಸ್ರಾವವಾಗುವವರ ಪ್ರಮಾಣ ಶೇ. 12ರಿಂದ 6.4ಕ್ಕೆ ಇಳಿಯಿತು. ಫ್ರಿಜ್ಜು ಬೇಡದ, ಸೂಜಿ ಬೇಡದ ಗುಳಿಗೆ ಅದು. ರಕ್ತ ಎಷ್ಟು ಹೋಯಿತೆಂದು ಅಳೆಯಲು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನೂ ಅಲ್ಲಿ ಬಳಸಿದರು. ಕಣ್ಣಂದಾಜಿನಲ್ಲಿ ನಷ್ಟ ಕಡಿಮೆಯಾಗಿಯೇ ಕಾಣುತ್ತದೆ ಎಂಬುದು ಅದರಿಂದ ಖಚಿತವಾಯಿತು. ಈ ಕೆಲಸ ನಡೆದದ್ದು ನಮ್ಮದೇ ನಾಡಿನಲ್ಲಿ ಎಂಬುದು ನಮ್ಮಲ್ಲೇ ಹೆಚ್ಚು ಜನರಿಗೆ ಗೊತ್ತಿಲ್ಲ.

ನಮ್ಮ ಹೊಲಗಳಲ್ಲಿ ಇದೇ ಗ್ರಂಥಿಯನ್ನು ಕೊಲ್ಲಬಲ್ಲ ಇನ್ನೊಂದು ಇದೆ, ಕೊಳಕುಮಂಡಲ. ಆ ಹಾವು ಕಚ್ಚಿ ಬದುಕಿದ ಕೆಲವರಲ್ಲಿ ಪಿಟ್ಯುಟರಿ ಹೀಗೆಯೇ ನಾಶವಾಗುವುದನ್ನು ಬರ್ಮಾದ ವೈದ್ಯರು 1980ರ ದಶಕದಲ್ಲಿ ತೋರಿಸಿದರು. ದಕ್ಷಿಣ ಭಾರತದಿಂದಲೂ ಆಮೇಲೆ ಅಂಥ ವರದಿಗಳು ಬಂದಿವೆ. ಹಾವು ಕಚ್ಚಿ ಉಳಿದ ಮೇಲೆ ಗಡ್ಡ ಉದುರಿ, ಕೆಲಸಕ್ಕೆ ಬಾರದವನಾದ ಎಂದು ಊರು ಮಾತಾಡಿಕೊಳ್ಳುವ ಗಂಡಸರ ಕಥೆಗಳನ್ನು ಕೇಳಿದಾಗ ನನಗೆ ಈಗ ಬೇರೆಯೇ ಯೋಚನೆ ಬರುತ್ತದೆ.

ಗುಳಿಗೆಗಳ ಜೊತೆಗಿನ ಸಂಸಾರ

ಅಮ್ಮ ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುತ್ತಾಳೆ, ತಿಂಡಿಯ ಜೊತೆ ಹೈಡ್ರೋಕಾರ್ಟಿಸೋನ್ 10 ಮಿಲಿಗ್ರಾಂ, ಮಧ್ಯಾಹ್ನ ಮತ್ತೆ 5. ಆರೋಗ್ಯವಂತರ ದೇಹದಲ್ಲಿ ಕಾರ್ಟಿಸಾಲ್ ಮುಂಜಾನೆ ಏರಿ ರಾತ್ರಿಗೆ ಇಳಿಯುವುದರಿಂದ ಈ ಕ್ರಮ. ಐವತ್ತರವರೆಗೆ ಈಸ್ಟ್ರೋಜೆನ್ ಕೂಡ ಇತ್ತು, ಈಗ ಮೂಳೆಗೆಂದು ಕ್ಯಾಲ್ಸಿಯಂ. ಹೈಡ್ರೋಕಾರ್ಟಿಸೋನ್ ಗುಳಿಗೆ ಸಣ್ಣ ಊರುಗಳ ಮೆಡಿಕಲ್ ಶಾಪುಗಳಲ್ಲಿ ಸಿಗುವುದಿಲ್ಲ, ನಾನು ಬೆಂಗಳೂರಿನಿಂದ ಕಳಿಸುತ್ತೇನೆ. ಸಿಗದ ತಿಂಗಳಲ್ಲಿ ವೈದ್ಯರು ಹೇಳಿದ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್. ಅದು ಎಲ್ಲೆಡೆಯೂ ಇದೆ, ಅಗ್ಗವೂ ಹೌದು.

ಈ ಗುಳಿಗೆಗಳಲ್ಲಿ ಹಿರಿಯ ಕಿರಿಯ ಎಂಬ ಕ್ರಮವಿದೆ ಎಂಬುದನ್ನು ನಾವು ಕಲಿತೆವು. ಮೊದಲು ಸ್ಟೀರಾಯ್ಡ್ ಕೊಟ್ಟು ಆಮೇಲೆಯೇ ಥೈರಾಯ್ಡ್ ಗುಳಿಗೆ ಆರಂಭಿಸಬೇಕು. ಥೈರಾಯ್ಡ್ ಹಾರ್ಮೋನು ದೇಹದ ಕೆಲಸದ ವೇಗವನ್ನು ಹೆಚ್ಚಿಸಿ, ಇರುವ ಚೂರುಪಾರು ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡುತ್ತದೆ. ಕ್ರಮ ತಪ್ಪಿದರೆ ಸುಸ್ತಿಗೆ ಮದ್ದೆಂದು ಕೊಟ್ಟ ಗುಳಿಗೆಯೇ ಪ್ರಾಣಕ್ಕೆ ಬರಬಹುದು.

ಎಲ್ಲಕ್ಕಿಂತ ಕಷ್ಟವಾದದ್ದು ಸ್ಟೀರಾಯ್ಡ್ ಎಂಬ ಹೆಸರಿನ ಜೊತೆ ಬಾಳುವುದು. ಅದನ್ನು ಕೇಳಿದ ನೆಂಟರೆಲ್ಲರೂ ಬಿಟ್ಟುಬಿಡಿ, ಮೂಳೆ ಟೊಳ್ಳಾಗುತ್ತದೆ, ಕಿಡ್ನಿ ಹೋಗುತ್ತದೆ ಎಂದರು. ಒಂದು ಶಿಬಿರದಲ್ಲಿ ಎಲ್ಲ ಇಂಗ್ಲಿಷ್ ಗುಳಿಗೆಗಳನ್ನೂ ನಿಲ್ಲಿಸಿ ಬಂದರೆ ಮಾತ್ರ ಚಿಕಿತ್ಸೆ ಎಂದರು, ಅಪ್ಪ ಅಲ್ಲಿಂದಲೇ ವಾಪಸು ಕರೆತಂದರು. ಕಾಯಿಲೆಗೆಂದು ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಸ್ಟೀರಾಯ್ಡಿಗೂ, ದೇಹವೇ ದಿನವೂ ತಯಾರಿಸಬೇಕಿದ್ದಷ್ಟನ್ನು ಮಾತ್ರ ಹೊರಗಿನಿಂದ ತುಂಬಿಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ವಿವರಿಸಿದ್ದೇನೋ! ನಿಲ್ಲಿಸಿದರೆ ಅಮ್ಮ ಉಳಿಯುವುದಿಲ್ಲ. ಇದನ್ನು ಮೃದುವಾಗಿ ಹೇಳುವ ದಾರಿ ನನಗೆ ಸಿಕ್ಕಿಲ್ಲ.

ತುಮಕೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಧಾರೆಯ ದಿನ ಅಮ್ಮನಿಗೆ ಬೆಳಗಿನಿಂದ ವಾಂತಿ. ಜ್ವರ ಬಂದರೆ ಗುಳಿಗೆ ಎರಡು ಪಟ್ಟು ಮೂರು ಪಟ್ಟು ಮಾಡಬೇಕು, ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಸೂಜಿಯೇ ಆಗಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಛತ್ರದ ಪಕ್ಕದ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿದ್ದ ವೈದ್ಯರು ಆಹಾರದ ವ್ಯತ್ಯಾಸ, ವಾಂತಿಗೆ ಸೂಜಿ ಹಾಕಿ ನೋಡೋಣ, ಸ್ಟೀರಾಯ್ಡ್ ಈಗೇಕೆ ಎಂದರು. ಅಮ್ಮ ರೇಷ್ಮೆ ಸೀರೆಯ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಕೈಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟಳು. ಆಕೆಯ ಹಾರ್ಮೋನ್ ತಜ್ಞರು ಒಂದು ಪುಟದಲ್ಲಿ ಕಾಯಿಲೆಯ ಹೆಸರು, ತುರ್ತಿನಲ್ಲಿ ಕೊಡಬೇಕಾದ ಪ್ರಮಾಣ, ತಮ್ಮ ಫೋನ್ ನಂಬರು ಬರೆದು ಸಹಿ ಮಾಡಿಕೊಟ್ಟಿದ್ದ ಕಾಗದ. "ಮೊದಲು ಇದು ಹಾಕಿ ಸಾರ್, ಆಮೇಲೆ ವಾಂತಿದು ಹಾಕಿ" ಎಂದಳು. ಡಾಕ್ಟರು ಓದಿದರು, ಫೋನ್ ಮಾಡಿದರು, ಸೂಜಿ ಹಾಕಿದರು. ಮಧ್ಯಾಹ್ನದ ಪಂಕ್ತಿಗೆ ಅಮ್ಮ ಛತ್ರದಲ್ಲಿದ್ದಳು, ಸಾರನ್ನ ಮಾತ್ರ ಉಂಡಳು. ಇಡೀ ಆಯುಷ್ಯ ಡಾಕ್ಟರ ಮುಂದೆ ತಲೆತಗ್ಗಿಸಿ ಕೂತಿದ್ದವಳು ಹಾಗೆ ಮಾತಾಡಿದ್ದನ್ನು ನೋಡಿದ ಸಂತೋಷ ನನಗೆ ಇನ್ನೂ ಇದೆ.

ಈಗ ಕೇಳುವವರು

ಈಗ ನಮ್ಮ ಊರಿನಲ್ಲಿ ಮನೆ ಹೆರಿಗೆ ಬಹುಮಟ್ಟಿಗೆ ನಿಂತಿದೆ. ಆಶಾ ಕಾರ್ಯಕರ್ತೆ ಇದ್ದಾರೆ, 108ಕ್ಕೆ ಕರೆ ಮಾಡಿದರೆ ಗಾಡಿ ಬರುತ್ತದೆ, ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದು, ತೂಕ, ರಕ್ತದ ಪ್ರಮಾಣ ಎಲ್ಲವನ್ನೂ ಬರೆಯುತ್ತಾರೆ. ಹೊಸದಾಗಿ ಈ ಕಾಯಿಲೆಗೆ ಬೀಳುವವರು ಕಡಿಮೆಯಾಗುತ್ತಿರಬೇಕು. ನನ್ನ ಚಿಂತೆ ಎಂಬತ್ತು ತೊಂಬತ್ತರ ದಶಕದಲ್ಲಿ ಹೆತ್ತು, ಈಗ ಅರವತ್ತರ ಆಸುಪಾಸಿನಲ್ಲಿರುವ ಹೆಂಗಸರದು. ಅವರ ಸುಸ್ತಿಗೆ ವಯಸ್ಸು ಎಂಬ ಇನ್ನೊಂದು ಕಾರಣವೂ ಈಗ ಸೇರಿಕೊಂಡಿದೆ. ಸೋಡಿಯಂ ಕಡಿಮೆಯೆಂದು ಪದೇ ಪದೇ ಆಸ್ಪತ್ರೆ ಸೇರಿ, ಸಲೈನ್ ಹಾಕಿಸಿಕೊಂಡು ಮನೆಗೆ ಬರುವ ಅಜ್ಜಿಯರ ಬಳಿ ನಲವತ್ತು ವರ್ಷದ ಹಿಂದಿನ ಹೆರಿಗೆಯ ವಿಚಾರ ಎತ್ತುವವರು ಕಡಿಮೆ. ಬೆಳಗ್ಗೆ ಎಂಟರ ಕಾರ್ಟಿಸಾಲ್ ಮತ್ತು ಫ್ರೀ ಟಿ4, ಮೊದಲ ಹೆಜ್ಜೆಗೆ ಇವೆರಡು ಪರೀಕ್ಷೆ ಸಾಕು. ಎರಡೂ ತಾಲ್ಲೂಕು ಮಟ್ಟದ ಲ್ಯಾಬುಗಳಲ್ಲಿ ರಕ್ತ ಕೊಟ್ಟರೆ ಆಗುವಂಥವು.

ಅಮ್ಮ ತಾನಾಗಿಯೇ ಈ ವಿಚಾರಣೆಯನ್ನು ವಹಿಸಿಕೊಂಡಿದ್ದಾಳೆ. ಹಾಲಿನ ಡೇರಿಯ ಮುಂದೆ, ದೇವಸ್ಥಾನದ ಕಟ್ಟೆಯ ಮೇಲೆ, ಯಾರಾದರೂ ಸುಸ್ತೆಂದು ಹೇಳಿದರೆ ಪಕ್ಕಕ್ಕೆ ಕರೆದು ಬಾಣಂತನದ ಕಥೆ ಕೇಳುತ್ತಾಳೆ. ಹೋದ ವರ್ಷ ಪಕ್ಕದ ಹಳ್ಳಿಯ ಒಬ್ಬಾಕೆಯ ಉತ್ತರಗಳು ತನ್ನವೇ ಇದ್ದಂತೆ ಅನ್ನಿಸಿ, ನನಗೆ ಫೋನ್ ಮಾಡಿ ಪರೀಕ್ಷೆಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು, ಆಕೆಯ ಜೊತೆ ತಾನೇ ಬಸ್ಸು ಹತ್ತಿ ಹೋದಳು. ಆಕೆಯ ಕಾರ್ಟಿಸಾಲ್ ಸರಿಯಾಗಿಯೇ ಇತ್ತು. ಥೈರಾಯ್ಡ್ ಸಹ ಸರಿ. ಹಿಮೋಗ್ಲೋಬಿನ್ ಮಾತ್ರ 7 ಇತ್ತು, ಅದಕ್ಕೆ ಈಗ ಚಿಕಿತ್ಸೆ ನಡೆಯುತ್ತಿದೆ. ಮೊನ್ನೆ ಅಮ್ಮ ಪರೀಕ್ಷೆಗಳ ಹೆಸರಿದ್ದ ಅದೇ ಕಾಗದದ ನಕಲನ್ನು ವಾಟ್ಸಾಪಿನಲ್ಲಿ ಮತ್ತೆ ಕೇಳಿದಳು, ಆಶಾ ಕಾರ್ಯಕರ್ತೆಗೆ ಕೊಡಬೇಕಂತೆ.